ಆರಲಿ ಬಾಯಿ

ಮೊನ್ನೆ ಶುಕ್ರವಾರ ಸಂಜೆ ಧಾರವಾಡದಿಂದ ಅವ್ವನ ಕಾರ್ಡು ಬಂತು. ಅಂದಿನಿಂದ ನನಗೆ ಕೂತಲ್ಲಿ ಕೂಡಲಾಗುತ್ತಿಲ್ಲ. ಅವ್ವ ಬರೆಯುವುದೇ ಅಪರೂಪ, ಬರೆದರೂ ನಾಲ್ಕು ಸಾಲು. ಈ ಸಲವೂ ಅಷ್ಟೇ: ‘ಹುಬ್ಬಳ್ಳಿ ಬಾಯಾರು ಸೋಮವಾರ ತೀರಿಕೊಂಡರು. ಮಣ್ಣಿಗೆ ಹೋಗಿ ಬಂದೆ. ನಿನ್ನ ಕಾಗದ ಬಂತೇನು ಅಂತ ನನಗ ಮೂರು ಸಲ ಕೇಳಿದ್ದರು. ಬರ್ತದ ಅಂತ ಹೇಳಿದ್ದೆ.’

ನಾನು ಬರೆದಿರಲಿಲ್ಲ. ಬಾಯಾರ ಕಾರ್ಡು ನಾಲ್ಕು ತಿಂಗಳಿಂದ ನನ್ನ ಕಚೇರಿಯ ಡ್ರಾವರಿನಲ್ಲಿ ಬಿದ್ದಿದೆ. ಇವತ್ತು ಭಾನುವಾರ. ವಡಾಲದ ಈ ಖೋಲಿಯಲ್ಲಿ ಬೆಳಗಿನಿಂದ ತಿಕ್ಕಿದ ಪಾತ್ರೆಯನ್ನೇ ತಿಕ್ಕಿದೆ, ಒಗೆದ ಸೀರೆಯನ್ನೇ ಒಗೆದೆ. ಅಣ್ಣ ಮತ್ತು ವೈನಿ ನನ್ನ ಮುಖ ನೋಡಿ ಮಾತಾಡಿಸುವ ಗೊಡವೆಗೆ ಹೋಗಿಲ್ಲ. ಬರೆಯಬೇಕಾಗಿದ್ದವರಿಗೆ ಬರೆಯಲಿಲ್ಲ, ಈಗ ಅವರ ವಿಷಯ ಬರೆಯಲು ಕೂತಿದ್ದೇನೆ. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕುವುದೆಂದರೆ ಇದೇ.

ಅವರನ್ನು ಮೊದಲು ನೋಡಿದ್ದು ಐವತ್ತೊಂದರಲ್ಲಿ, ಫೋರ್ಟಿನ ನಮ್ಮ ಕಚೇರಿಯ ಮೂರನೇ ಮಾಳಿಗೆಯಲ್ಲಿ. ಹಡಗಿನ ಸರಕು ಸಾಗಿಸುವ ಕಂಪನಿ. ಟೈಪಿಂಗ್ ಖೋಲಿಯಲ್ಲಿ ನಾಲ್ಕು ಯಂತ್ರಗಳ ಗದ್ದಲ. ಆ ಗದ್ದಲದ ತುದಿಯಲ್ಲಿ, ಕಿಟಕಿಯ ಪಕ್ಕ, ಬಿಳಿ ಸೀರೆಯ ದಪ್ಪನೆಯ ಹೆಂಗಸೊಬ್ಬರು ಚಹಾದ ಕಪ್ಪನ್ನು ಮುಂದಿಟ್ಟುಕೊಂಡು ಅದನ್ನು ಮುಟ್ಟದೆ ಕೂತಿದ್ದರು. ಹಣೆಯಲ್ಲಿ ಕುಂಕುಮವಿಲ್ಲ, ಕೊರಳಲ್ಲಿ ಕಪ್ಪು ದಾರಕ್ಕೆ ಕಟ್ಟಿದ ಪುಟ್ಟ ಶಿಲುಬೆ. ಹೆಡ್ ಟೈಪಿಸ್ಟ್ ಎಂದು ನನ್ನನ್ನು ಒಳಗೆ ಕರೆತಂದ ಪಟ್ಟೇವಾಲಾ ಹೇಳಿದ. ನಾನು ಇಂಗ್ಲಿಷಿನಲ್ಲಿ ತಡವರಿಸುತ್ತ ಹೆಸರು ಹೇಳಿದೆ. ಅವರು ಕೇಳಿದ್ದು ಕನ್ನಡದಲ್ಲಿ.

“ಧಾರವಾಡದಾಕಿ ಏನವ್ವಾ? ಮೂರು ಮಾಳಿಗಿ ಜಿನಾ ಹತ್ತಿ ಬಂದ ದಮ್ಮು ಇನ್ನೂ ಹೋಗಿಲ್ಲ. ಕುಂದರು. ಬೆವರು ಆರ್‌ಲಿ.”

ಆ ‘ಆರ್‌ಲಿ’ ನಾನು ಕೇಳಿದ ಅವರ ಮೊದಲನೆಯ ಪಾಠ. ಚಹಾ ಬಂದರೆ ಆರಲಿ. ಸ್ಟೆನ್ಸಿಲ್ ಮೇಲೆ ತಪ್ಪು ತಿದ್ದುವ ದ್ರಾವಣ ಹಚ್ಚಿದರೆ ಆರಲಿ. ಯಾರಾದರೂ ಸಿಟ್ಟಿನಿಂದ ಬಂದು ನಿಂತರೂ ಅದೇ ಮಾತು. ಕಚೇರಿಯ ಕನ್ನಡಿಗರೆಲ್ಲ ಅವರ ಬೆನ್ನ ಹಿಂದೆ ‘ಆರಲಿ ಬಾಯಿ’ ಎನ್ನುತ್ತಿದ್ದರು. ಅವರಿಗೆ ಅದು ಗೊತ್ತಿತ್ತು.

ಆ ಹೆಸರು ಬಿದ್ದದ್ದು ಒಂದು ತಪ್ಪಿನಿಂದ. ಕೆಳಗಿನ ಉಡುಪಿ ಹೋಟೆಲಿನಿಂದ ಚಹಾ ತರುತ್ತಿದ್ದವರು ಕುಂದಾಪುರದ ಕಡೆಯ ಒಬ್ಬ ಹಿರಿಯರು, ಮೀಸೆಯೆಲ್ಲ ನರೆತಿತ್ತು. ಅವರು ಆಗ ಹೊಸಬರು. ಕಪ್ಪು ಹಿಡಿದು ನಿಂತವರಿಗೆ ಬಾಯಾರು, “ಅಲ್ಲೇ ಇಡಪಾ, ಆರ್‌ಲಿ” ಎಂದರಂತೆ. ಹುಬ್ಬಳ್ಳಿಯ ಬಾಯಿಂದ ಹೊರಟ ಮಾತು ಕುಂದಾಪುರದ ಕಿವಿಯಲ್ಲಿ ‘ಆರಿರಲಿ’ ಆಯಿತು. ಹತ್ತು ನಿಮಿಷದಲ್ಲಿ ಇನ್ನೂ ಐದು ಚಹಾ ಬಂದವು.

“ಇದೇನಪಾ ಇದು?”

“ನೀವೇ ಅಲ್ದಾ ಬಾಯಿ, ಆರ್ ಇರ್ಲಿ ಅಂದದ್ದ್? ಮತ್ತೆ ಎಂತ ಮಾಡುದ್ ನಾನ್?”

ಬಾಯಾರು ಅವರಿಗೆ ತಪ್ಪು ತಿಳಿಸಲೇ ಇಲ್ಲ. “ಹೌದ್ಹೌದು, ಆರ ಬೇಕಿತ್ತು” ಎಂದು ಐದನ್ನೂ ಖೋಲಿಯಲ್ಲಿ ಹಂಚಿಬಿಟ್ಟರು. ಇಬ್ಬರು ಟೈಪಿಸ್ಟರು ಆಗ ತಿಂಗಳಿಂದ ಮಾತು ಬಿಟ್ಟಿದ್ದರು. ಅವರಿಗೆ ಒಂದೇ ಸ್ಟೂಲಿನ ಮೇಲೆ ಎರಡು ಕಪ್ಪು ಇಟ್ಟು, “ಯಾರದು ಯಾವದು ನೀವ ನೋಡಿಕೊಳ್ಳಿರಿ” ಎಂದರಂತೆ. ಹೀಗೆ ಶುರುವಾದದ್ದು ಪ್ರತಿ ಶನಿವಾರದ ಪದ್ಧತಿಯಾಯಿತು. ಶನಿವಾರ ಅರ್ಧ ದಿನ ಮುಗಿಸುವ ಮುಂಚೆ ಆರು ಚಹಾ. ಐದನ್ನು ನಾವು ಬಿಸಿಬಿಸಿ ಕುಡಿಯುವುದು, ಆರನೆಯದು ಅವರ ಮುಂದೆ ಆರುವುದು.

ಸಾಹೇಬರ ವಿಷಯ ಹೇಳದಿದ್ದರೆ ಬಾಯಾರ ವಿಷಯ ಹೇಳಿದಂತಾಗದು. ನಮ್ಮ ಸಾಹೇಬರದು ಹುಲ್ಲಿಗೆ ಬಿದ್ದ ಬೆಂಕಿಯಂಥ ಸಿಟ್ಟು. ಬೆಳಿಗ್ಗೆ ಡಾಕು ಒಡೆದರೆಂದರೆ ಮುಗಿಯಿತು. ಇವನನ್ನು ಕೆಲಸದಿಂದ ತೆಗೆಯಿರಿ, ಅವನ ಜೊತೆ ವ್ಯವಹಾರ ಬಂದ್, ಹಡಗುಕಟ್ಟೆಯಲ್ಲಿ ಸರಕು ಒದ್ದೆ ಮಾಡಿದವನ ಮೇಲೆ ಖಟ್ಲೆ. ಬಾಯಾರು ಒಂದಕ್ಷರ ತಪ್ಪದೆ ಎಲ್ಲವನ್ನೂ ಟೈಪು ಮಾಡುತ್ತಿದ್ದರು. ಒಂದು ಬೈಗುಳವನ್ನೂ ಮೆತ್ತಗೆ ಮಾಡುತ್ತಿರಲಿಲ್ಲ. ಆದರೆ ಸಹಿಯ ಫೈಲಿನಲ್ಲಿ ಅಂಥ ಕಾಗದಗಳನ್ನೆಲ್ಲ ತೀರ ಅಡಿಗೆ ಇಡುತ್ತಿದ್ದರು. ಮೇಲಿನದಕ್ಕೆ ಸಹಿ ಹಾಕುತ್ತ ಹಾಕುತ್ತ ಸಾಹೇಬರು ಅಡಿಯ ಕಾಗದಕ್ಕೆ ತಲುಪುವಷ್ಟರಲ್ಲಿ ಊಟ ಆಗಿರುತ್ತಿತ್ತು, ಒಂದು ನಿದ್ದೆಯ ಜೊಂಪು ಬಂದು ಹೋಗಿರುತ್ತಿತ್ತು. ಅರ್ಧದಷ್ಟನ್ನು ಅವರೇ ಹರಿದು ಬುಟ್ಟಿಗೆ ಹಾಕುತ್ತಿದ್ದರು. ಬರಬರುತ್ತ ತಾವು ಬಹಳ ಸಹನೆಯ ಮನುಷ್ಯರೆಂದು ಸಾಹೇಬರಿಗೆ ನಂಬಿಕೆ ಬಂದುಬಿಟ್ಟಿತು. ನಾಲ್ಕು ಜನರ ಮುಂದೆ ಹಾಗೆ ಹೇಳಿಕೊಳ್ಳುತ್ತಲೂ ಇದ್ದರು. ಬಾಯಾರು ತಲೆ ಆಡಿಸುತ್ತಿದ್ದರು.

ಅವರ ಜೊತೆ ನನಗೆ ಕೆಲಸವೆಂದು ತಿಳಿದಾಗ ಅವ್ವ ಧಾರವಾಡದಲ್ಲಿ ಗಾಬರಿ ಬಿದ್ದಳು. ‘ಕಿರಿಸ್ತಾನರಾಕಿ ಅಂತ. ಆಕಿ ಕೊಟ್ಟಿದ್ದು ತಿನಬ್ಯಾಡ. ಬೈಬಲ್ಲು ಗಿಬಲ್ಲು ಓದಿಸಿ ಜಾತಿ ಕೆಡಸ್ಯಾಳು’ ಎಂದು ಬರೆದಳು. ನಾನೂ ಹುಷಾರಾಗಿದ್ದೆ. ಉಪದೇಶ ಶುರು ಮಾಡಿದರೆ ಏನು ಹೇಳಬೇಕೆಂದು ಉತ್ತರ ಸಿದ್ಧ ಮಾಡಿಕೊಂಡು ಕಾಯುತ್ತಿದ್ದೆ. ಒಂದು ವರ್ಷ ಕಾದರೂ ಅವರು ಶುರು ಮಾಡಲೇ ಇಲ್ಲ. ನನಗೆ ಸ್ವಲ್ಪ ಅವಮಾನವೇ ಆಯಿತೆನ್ನಬೇಕು, ಕೆಡಿಸಲು ಯೋಗ್ಯವಾದ ಜಾತಿಯೂ ನನ್ನದಲ್ಲವೇ ಅಂತ.

ಕೊನೆಗೆ ನಾನೇ ಕೆಣಕಿದೆ. “ನಿಮ್ಮ ಮಂದಿ ಸಂತ್ಯಾಗ ನಿಂತು ಉಪದೇಶ ಮಾಡ್ತಾರಲ್ರೀ ಬಾಯಾರ. ನೀವ್ಯಾಕ ಮಾಡೂದಿಲ್ಲ?”

ಅವರು ನಕ್ಕರು. “ನಮ್ಮ ಯೇಸುಸ್ವಾಮಿ ಮೂವತ್ತ ವರ್ಷ ಬಡಿಗೇರ ಮನ್ಯಾಗ ಸುಮ್ಮನ ಕೆಲಸ ಮಾಡಿದ, ತಂಗಿ. ಮಾತಾಡಿದ್ದು ಮೂರ ವರ್ಷ. ನಾ ಇನ್ನೂ ಬಡಿಗೇರ ಮನ್ಯಾಗ ಇದ್ದೇನಿ.”

ಭಾನುವಾರ ಮಧ್ಯಾಹ್ನ ಭಾಯಖಳಾದಲ್ಲಿ, ಮರಾಠಿಯವರ ಚರ್ಚು ಖಾಲಿಯಾದ ಮೇಲೆ, ಅಲ್ಲಿ ಹತ್ತಿಪ್ಪತ್ತು ಕನ್ನಡದವರು ಸೇರಿ ಪ್ರಾರ್ಥನೆ ಮಾಡುತ್ತಿದ್ದರು. ಬಾಯಾರ ಕೆಲಸ ಅಲ್ಲಿ ಬೆಂಚು ಒರೆಸುವುದು. ಇದನ್ನು ಹೇಳಿದ್ದೂ ಅವರಲ್ಲ, ಪಟ್ಟೇವಾಲಾ. ನಾನು ಕಣ್ಣಾರೆ ಕಂಡದ್ದು ಒಂದೇ. ಬೆಳಿಗ್ಗೆ ಬಂದವರು ಟೈಪ್‌ರೈಟರಿನ ಮುಸುಕು ತೆಗೆಯುವ ಮುಂಚೆ ಅದರ ಮೇಲೆ ಕೈಯಿಟ್ಟು ಒಂದು ಗಳಿಗೆ ಕಣ್ಣು ಮುಚ್ಚುತ್ತಿದ್ದರು, ತುಟಿ ಅಲುಗುತ್ತಿತ್ತು.

“ಏನು ಬೇಡಿಕೊಳ್ತೀರಿ?” ಎಂದು ಕೇಳಿದೆ.

“ಬೇಡೂದೇನೂ ಇಲ್ಲ. ಹೆಸರ ಹೇಳತೇನಿ ಅಷ್ಟ. ಇವತ್ತ ಯಾರ್ಯಾರಿಗೆ ಕಾಗದ ಹೋಗತಾವ, ಅವರ ಹೆಸರ. ಪಾಪ, ಒಡದ ನೋಡಿದಾಗ ಅವರ ಎದಿ ಒಡೀಬಾರದಲ್ಲ.”

ಮರುವರ್ಷ ಅವ್ವ ನನಗೆ ಮದುವೆ ಗೊತ್ತುಮಾಡಿದಳು. ನನ್ನನ್ನು ಕೇಳಲಿಲ್ಲ. ಕೆಲಸಕ್ಕೆ ರಾಜೀನಾಮೆ ಕೊಟ್ಟು ಹೊರಟು ಬಾ, ನವಲಗುಂದದ ವರ, ಎರಡನೇ ಸಂಬಂಧ, ಮೊದಲನೆಯಾಕೆಗೆ ಒಂದು ಕೂಸಿದೆ ಎಂದು ಕಾರ್ಡು. ನನಗೆ ತಲೆಗೆ ಏರಿತು. ಊಟದ ಹೊತ್ತಿನಲ್ಲಿ ಒಂದು ಇನ್‌ಲ್ಯಾಂಡ್ ತೆಗೆದು ಕೈ ಓಡಿದಂತೆ ಬರೆದೆ. ಬರೆಯಬಾರದ್ದನ್ನೆಲ್ಲ ಬರೆದೆ. ‘ನನ್ನ ಪಾಲಿಗೆ ನೀನು ಸತ್ತಿ’ ಎಂಬುದು ಅದರ ಕೊನೆಯ ಸಾಲು. ಅಂಟಿಸಿ, ವಿಳಾಸ ಬರೆದು, ಕಚೇರಿಯ ಡಾಕಿನ ಜೊತೆ ಹೋಗಲೆಂದು ಬಾಯಾರ ಮುಂದೆ ಒಗೆದೆ.

ಅವರು ಮುಖ ನೋಡಿದರು, ಕಾಗದ ನೋಡಲಿಲ್ಲ. ಅದನ್ನು ಮೇಜಿನ ಮೇಲೆ, ಕಾಗದ ಹಾರದಂತೆ ಇಡುವ ಗಾಜಿನ ಗುಂಡಿನ ಕೆಳಗೆ ಇಟ್ಟರು. “ಆರ್‌ಲಿ” ಎಂದರು.

ಮೂರು ದಿನ ಅದು ಅಲ್ಲೇ ಇತ್ತು. ಮೊದಲನೇ ದಿನ ನಾನು ಕುದಿದೆ. ಎರಡನೇ ದಿನ ಜಗಳಾಡಿದೆ, “ನನ್ನ ಕಾಗದ ಇಟ್ಟುಕೊಳ್ಳಾಕ ನೀವು ಯಾರು?” ಎಂದೆ. “ತಗೊಂಡು ಹೋಗಿ ನೀನ ಹಾಕು, ಪೆಟ್ಟಿಗಿ ಕೆಳಗ ಅದ” ಎಂದರು. ಕೆಳಗೆ ಇಳಿದು ಹೋಗಿ ಹಾಕಲಿಕ್ಕೆ ಏನು ಧಾಡಿಯಾಗಿತ್ತೋ, ಹೋಗಲಿಲ್ಲ. ಮೂರನೇ ದಿನ ಸುಮ್ಮನೆ ತೆಗೆದು ಹರಿದೆ. ‘ಈ ಮದುವೆ ನನಗೆ ಬೇಡ, ಬರುವುದಿಲ್ಲ’ ಎಂದಷ್ಟೇ ಕಾರ್ಡು ಬರೆದೆ. ಅದಕ್ಕೂ ಅವ್ವ ಮುನಿದಳು. ಅವಳು ಬರೆಯುವುದು ಬಿಟ್ಟಳು, ನಾನೂ ಬಿಟ್ಟೆ. ಹಟದಲ್ಲಿ ತಾಯಿಗೆ ತಕ್ಕ ಮಗಳು. ಹೀಗೆ ಎಂಟು ತಿಂಗಳು.

ಆಮೇಲೆ ಒಂದು ದಿನ ಧಾರವಾಡದ ಚಿಕ್ಕಪ್ಪನ ಕಾಗದ ಬಂತು, ಅವ್ವನಿಗೆ ವಿಷಮಜ್ವರ, ಹದಿನೈದು ದಿನವಾಯಿತು. ಅಣ್ಣ ಊರಲ್ಲಿರಲಿಲ್ಲ, ಕೆಲಸದ ಮೇಲೆ ಸೂರತ್ತಿಗೆ ಹೋಗಿದ್ದ. ನಾನು ಕಾಗದವನ್ನು ಪರ್ಸಿನಲ್ಲಿ ಹಾಕಿಕೊಂಡು ಕಚೇರಿಗೆ ಹೋದೆ. ಸಾಲು ಸಾಲಿಗೆ ತಪ್ಪು ಹೊಡೆದೆ. ಬಾಯಾರು ಬಂದು ಪಕ್ಕದಲ್ಲಿ ನಿಂತರು. ಹೇಳಿದೆ.

“ಯಾವಾಗ ಹೊಂಟಿ?”

“ನಾ ಹೋಗೂದಿಲ್ಲ. ಮೊದಲ ಆಕಿ ಬರೀಲಿ. ಸಿಟ್ಟು ಆರ್‌ಲಿ ಅಂತ ನೀವ ಹೇಳ್ತೀರಲ್ಲ? ಆರ್‌ಲಿ.”

ಅವರ ಮಾತನ್ನೇ ಅವರ ಮೇಲೆ ತಿರುಗಿಸಿ ಒಳಗೊಳಗೇ ಹಿಗ್ಗಿದ್ದೆ. ಬಾಯಾರು ನನ್ನ ಯಂತ್ರದಿಂದ ಕಾಗದವನ್ನು ಸರ್ರನೆ ಎಳೆದರು. ಅವರು ಹಾಗೆ ಎಳೆದದ್ದನ್ನು ಯಾರೂ ಕಂಡಿರಲಿಲ್ಲ, ಉಳಿದವರ ಯಂತ್ರಗಳೂ ನಿಂತವು.

“ಚಹಾ ಆರಿಸಿ ಕುಡೀಬೇಕು. ರೊಟ್ಟಿ ಬಿಸಿ ಇದ್ದಾಗ ತಿನಬೇಕು. ಎಲ್ಲಾದಕ್ಕೂ ಆರ್‌ಲಿ ಆರ್‌ಲಿ ಅಂತ ಕುಂತರ ದೀಪಾನೂ ಆರತದ ಹುಚ್ಚೀ. ಯಾವದು ಚಹಾ, ಯಾವದು ರೊಟ್ಟಿ, ಅಷ್ಟ ತಿಳೀಬೇಕು. ಇದು ರೊಟ್ಟಿ. ಏಳು.”

ಅವರ ಯಾವ ರೊಟ್ಟಿ ಎಲ್ಲಿ ಆರಿಹೋಗಿತ್ತೋ ನಾನು ಕೇಳಲಿಲ್ಲ. ಆ ಹೊತ್ತಿನಲ್ಲಿ ಕೇಳುವ ಧೈರ್ಯವಿರಲಿಲ್ಲ, ಆಮೇಲೆ ಕೇಳುವ ಬುದ್ಧಿ ಬರಲಿಲ್ಲ. ನನ್ನ ರಜೆಯ ಅರ್ಜಿಯನ್ನು ಅವರೇ ಎರಡು ನಿಮಿಷದಲ್ಲಿ ಟೈಪು ಮಾಡಿದರು. ಫೈಲಿನಲ್ಲಿ ಇಡಲಿಲ್ಲ. ಕೈಯಲ್ಲಿ ಹಿಡಿದುಕೊಂಡು ಸಾಹೇಬರ ಖೋಲಿಗೆ ಹೋದರು, ನನ್ನನ್ನೂ ಎಳೆದುಕೊಂಡು. ಸಾಹೇಬರು ಯಾರ ಮೇಲೋ ಕೂಗುತ್ತ ಫೋನಿನಲ್ಲಿದ್ದರು. ಇವರು ಅರ್ಜಿಯನ್ನು ಅವರ ಮುಂದೆ ಹಿಡಿದು ಹಾಗೆಯೇ ನಿಂತರು. ಕೂಗು ಮುಗಿಯಲೆಂದು ಕಾಯಲಿಲ್ಲ. ಸಾಹೇಬರು ಫೋನು ಕೆಳಗಿಟ್ಟು ಅರ್ಜಿಯನ್ನು ನೋಡಿದರು, ಬಾಯಾರನ್ನು ನೋಡಿದರು.

“ಕ್ಯಾ ಬಾಯಿ, ಆಜ್ ನೀಚೇ ನಹೀ ರಖ್ಖಾ?”

ಇವತ್ತು ಅಡಿಗೆ ಇಡಲಿಲ್ಲವೇ ಎಂದು ಕೇಳುತ್ತಿದ್ದಾರೆ, ಅಂದರೆ ಎಲ್ಲವೂ ಅವರಿಗೆ ಗೊತ್ತಿತ್ತು! ಫೈಲಿನ ಅಡಿ ಎಂದರೇನೆಂದು ಇಷ್ಟು ವರ್ಷ ಗೊತ್ತಿದ್ದೂ ಸುಮ್ಮನಿದ್ದರು. ಬಾಯಾರು “ನಹೀ ಸಾಹೇಬ್, ಯೇ ಊಪರ್ ಕಾ ಹೈ”, ಇದು ಮೇಲಿಡುವಂಥದು, ಎಂದರು. ಸಾಹೇಬರು ಸಹಿ ಹಾಕಿದರು.

ಅದೇ ದಿನ ಬೋರಿಬಂದರಿನಿಂದ ಪುಣೆಗೆ, ಪುಣೆಯಿಂದ ಸಣ್ಣ ಹಳಿಯ ಗಾಡಿಯಲ್ಲಿ ಧಾರವಾಡಕ್ಕೆ. ಅವ್ವ ಕಂಬಳಿಯೊಳಗೆ ಕಡ್ಡಿಯಾಗಿ ಮಲಗಿದ್ದಳು. ನನ್ನನ್ನು ನೋಡಿ ಮೊದಲು ಕೇಳಿದ್ದು, “ಕೆಮ್ಮು ಕಡಿಮಿ ಆತೇನು?” ಎಂದು.

ನನಗೆ ಕೆಮ್ಮು ಇದ್ದದ್ದು ಇವಳಿಗೆ ಹೇಗೆ ಗೊತ್ತು? ಅವ್ವ ತಲೆದಿಂಬಿನ ಕೆಳಗೆ ಕೈ ತೋರಿಸಿದಳು. ಅಲ್ಲಿ ಕಾರ್ಡುಗಳ ಕಟ್ಟು ಇತ್ತು. ಎಂಟು ತಿಂಗಳು, ವಾರಕ್ಕೊಂದು. ಟೈಪು ಮಾಡುವ ಕೈಯ ಗುಂಡಗಿನ ಕನ್ನಡ ಅಕ್ಷರ. ‘ನಿಮ್ಮ ಮಗಳು ಇವತ್ತು ಹಸಿರು ಸೀರಿ ಉಟ್ಟಿದ್ದಳು.’ ‘ನಿಮ್ಮ ಮಗಳಿಗೆ ಕೆಮ್ಮು, ಜ್ಯೇಷ್ಠಮಧು ಕೊಟ್ಟೇನಿ.’ ‘ನಿಮ್ಮ ಮಗಳು ಇವತ್ತು ಒಂದೂ ತಪ್ಪು ಮಾಡಲಿಲ್ಲ.’ ಕೆಳಗೆ ಹೆಸರಿಲ್ಲ, ‘ಕಚೇರಿಯಾಕಿ’ ಎಂದಿತ್ತು. ಮದುವೆಯ ಮಾತಿಲ್ಲ, ಬುದ್ಧಿಮಾತಿಲ್ಲ, ದೇವರ ಹೆಸರೂ ಇಲ್ಲ. ಮೂರು ದಿನ ಗುಂಡಿನ ಕೆಳಗಿದ್ದ ನನ್ನ ಇನ್‌ಲ್ಯಾಂಡಿನ ಹೊರಗಡೆಯಿಂದ ವಿಳಾಸ ಬರೆದುಕೊಂಡಿದ್ದರು.

“ಯಾರವ್ವಾ ಇದು? ಎದುರಿಗೆ ಕುಂತಂಗ ಬರೀತಾರಲ್ಲ” ಎಂದಳು ಅವ್ವ.

“ಅದೇ, ಜಾತಿ ಕೆಡಸಾಕಿ” ಎಂದೆ. ನಗು ಬಂತು, ಅಳುವೂ ಬಂತು. ಅವ್ವ ಉಳಿದಳು. ನವಲಗುಂದದ ಮಾತನ್ನು ಮತ್ತೆ ಎತ್ತಲಿಲ್ಲ.

ಐವತ್ತೇಳರಲ್ಲಿ ಬಾಯಾರು ನಿವೃತ್ತರಾಗಿ ಹುಬ್ಬಳ್ಳಿಗೆ, ತಮ್ಮನ ಮನೆಗೆ ಹೋದರು. ಆಗಿನಿಂದ ಅವ್ವ ತಿಂಗಳಿಗೊಮ್ಮೆ ಅರಿವೆಯಲ್ಲಿ ಬಿಸಿ ರೊಟ್ಟಿ ಕಟ್ಟಿಕೊಂಡು ಧಾರವಾಡದಿಂದ ಗಾಡಿ ಹತ್ತಿ ಅವರ ಮನೆಗೆ ಹೋಗುತ್ತಿದ್ದಳು. ಅವರು ಕೊಟ್ಟದ್ದು ತಿನ್ನಬೇಡ ಎಂದಿದ್ದ ಅವ್ವ!

ಅವರ ಕುರ್ಚಿ ನನಗೆ ಬಂತು. ಕುರ್ಚಿ ಬಂದರೆ ಸಾಕೇ? ಸ್ವಭಾವ ಬರಬೇಡವೇ? ನನ್ನದು ಮೂಗಿನ ತುದಿಯ ಸಿಟ್ಟು, ಹಾಗೆಯೇ ಉಳಿಯಿತು. ಈ ವರ್ಷ ಮಂಗಳೂರಿನ ಒಬ್ಬಳು ಹುಡುಗಿ ಕೆಲಸಕ್ಕೆ ಸೇರಿದ್ದಾಳೆ, ಆರು ತಿಂಗಳ ಪರೀಕ್ಷೆಯ ಮೇಲೆ. ನಾನು ಹೆಸರು ಹಿಡಿದು ಕರೆದರೆ ಸಾಕು, ಅವಳ ಬೆರಳು ಬೇರೆ ಅಕ್ಷರಕ್ಕೆ ಬೀಳುತ್ತದೆ. ತಪ್ಪನ್ನು ರಬ್ಬರಿನಿಂದ ಉಜ್ಜಿ ಉಜ್ಜಿ ಕಾಗದಕ್ಕೆ ತೂತು ಮಾಡುತ್ತಾಳೆ. ಎಲ್ಲರ ಮುಂದೆ ಆ ತೂತಿನಲ್ಲಿ ಬೆರಳು ತೂರಿಸಿ ತೋರಿಸಿದ್ದೇನೆ. ಈಗ ಅದನ್ನು ನೆನೆದರೆ ನನ್ನ ಕೈಯನ್ನು ಎಲ್ಲಿಡಬೇಕೋ ತಿಳಿಯುತ್ತಿಲ್ಲ.

ಆಗ ಬಂತು ಬಾಯಾರ ಕಾರ್ಡು. ‘ತಂಗೀ, ನನಗ ದಮ್ಮು ಹೆಚ್ಚಾಗೇದ. ಹೊಸ ಹುಡುಗಿ ನಿನಗ ಭಾಳ ಹೆದರ್ಯಾಳ ಅಂತ ಕೇಳಿದೆ. ಹೆದರಿದ ಕೈ ತಪ್ಪು ಮಾಡತದ. ನೀನೂ ಮಾಡತಿದ್ದಿ. ಒಂದು ಸಾಲು ಬರಿ.’

ನನಗೆ ಸಿಟ್ಟು ಬಂತು. ಯಾರು ಚಾಡಿ ಹೇಳಿದರು? ನಿವೃತ್ತರಾದ ಮೇಲೂ ಇವರದೇ ಕಾರಭಾರವೇ? ಈ ಸಿಟ್ಟಿನಲ್ಲಿ ಉತ್ತರ ಬರೆಯಬಾರದು, ಆರಲಿ, ಆಮೇಲೆ ಬರೆದರಾಯಿತು ಎಂದು ಕಾರ್ಡನ್ನು ಡ್ರಾವರಿಗೆ ಹಾಕಿದೆ. ಅವರು ಕಲಿಸಿದ್ದನ್ನೇ ಮಾಡುತ್ತಿದ್ದೇನೆ ಎಂಬ ಸಮಾಧಾನ ಬೇರೆ. ಅದರಲ್ಲಿ ಹುಡುಗಿಯ ವಿಷಯದ ಎರಡು ಮೂರು ಸಾಲು ನನ್ನ ಕಣ್ಣಿಗೆ ಚುಚ್ಚಿದವು. ‘ದಮ್ಮು ಹೆಚ್ಚಾಗೇದ’ ಎಂಬ ಮೊದಲನೆಯ ಸಾಲು ಕಣ್ಣಿಗೇ ಬೀಳಲಿಲ್ಲ. ರೊಟ್ಟಿಯನ್ನು ಚಹಾ ಎಂದು ತಿಳಿದೆ. ಅವರ ಹತ್ತಿರ ಆರು ವರ್ಷ ಕಲಿತವಳು ನಾನು.

ನಿನ್ನೆ ಶನಿವಾರ. ಕಚೇರಿಗೆ ಹೋದೆ. ಕೂತೆ, ಎದ್ದೆ, ಮತ್ತೆ ಕೂತೆ. ಯಂತ್ರದ ಮುಸುಕಿನ ಮೇಲೆ ಕೈಯಿಟ್ಟು ಅವರ ಹೆಸರು ಹೇಳಿದೆ. ಯಾವ ಕಾಗದವೂ ತಲುಪದ ಕಡೆ ಹೋದವರ ಹೆಸರು. ಅವರು ಏನನ್ನೂ ಬೇಡುತ್ತಿರಲಿಲ್ಲ, ನಾನು ಮಾತ್ರ ಕ್ಷಮಿಸಿರೆಂದು ಬೇಡಿದೆ. ಜಾತಿ ಕೆಟ್ಟಿದ್ದರೆ ಕೆಡಲಿ.

ಸಹಿಯ ಫೈಲಿನ ತೀರ ಅಡಿಯಲ್ಲಿ ನಾನೇ ಹೋದ ವಾರ ಟೈಪು ಮಾಡಿದ ಒಂದು ಪುಟವಿತ್ತು. ‘ಈಕೆ ಕೆಲಸಕ್ಕೆ ಯೋಗ್ಯಳಲ್ಲ, ಮುಂದುವರಿಸುವುದು ಬೇಡ’ ಎಂದು ಸಾಹೇಬರಿಗೆ ನನ್ನ ಶಿಫಾರಸು. ಪರೀಕ್ಷೆಯ ಅವಧಿ ಈ ತಿಂಗಳಿಗೆ ಮುಗಿಯುತ್ತದೆ, ಸೋಮವಾರ ಅದು ಸಾಹೇಬರ ಕೈ ಸೇರಬೇಕಿತ್ತು. ತೆಗೆದು ನಾಲ್ಕು ತುಂಡು ಮಾಡಿದೆ. ಹರಿದ ಸದ್ದಿಗೆ ಹುಡುಗಿ ತನ್ನದೇ ತಪ್ಪೆಂದು ತಿಳಿದು ಎದ್ದು ನಿಂತಳು.

“ಕುಂದರವ್ವಾ. ನಿಂದೇನೂ ಇಲ್ಲ” ಎಂದೆ. ಅವಳು ನಂಬಲಿಲ್ಲ. ನಂಬಲಿಕ್ಕೆ ನಾನೇನು ಕೊಟ್ಟಿದ್ದೆ?

ಹೋಟೆಲಿನ ಹಿರಿಯರು ಬಾಗಿಲಲ್ಲಿ ನಿಂತು ಎಂದಿನಂತೆ ಕೇಳಿದರು, “ಎಷ್ಟ್ ಚಾ ಅಕ್ಕ?” ಬಾಯಾರು ಹೋದ ಮೇಲೆ ಶನಿವಾರದ ಆ ಪದ್ಧತಿಯನ್ನು ನಾನೇ ನಿಲ್ಲಿಸಿದ್ದೆ.

“ಆರಿರಲಿ” ಎಂದೆ.

ಅವರು ನನ್ನ ಮುಖವನ್ನೇ ನೋಡಿದರು. ಹೆಗಲ ಮೇಲಿನ ಬಟ್ಟೆಯಿಂದ ಮುಖ ಒರೆಸಿಕೊಂಡು ಇಳಿದು ಹೋದರು.

ಈಗ ಖೋಲಿಯಲ್ಲಿ ನಾವು ಐದೇ ಜನ. ಐದು ಕಪ್ಪು ಹಂಚಿಯಾಯಿತು. ಆರನೆಯದು ಕಿಟಕಿಯ ಪಕ್ಕ ನನ್ನ ಮೇಜಿನ ಮೇಲೆ ಉಳಿಯಿತು. ಯಾರೂ ಮುಟ್ಟಲಿಲ್ಲ. ಹಬೆ ಏಳುತ್ತಿತ್ತು, ನಾನು ಅದನ್ನೇ ನೋಡುತ್ತಿದ್ದೆ. ಸ್ವಲ್ಪ ಹೊತ್ತಿಗೆ ಹುಡುಗಿ, ಆರು ತಿಂಗಳಲ್ಲಿ ಮೊದಲ ಸಲ, ತಾನಾಗಿ ಬಾಯಿ ಬಿಟ್ಟಳು.

“ಅಕ್ಕ, ಅದು ಯಾರಿಗೆ? ಹಾಗೇ ಇಟ್ರೆ ಆರಿ ಹೋಗ್ತದಲ್ಲ.”

ಕಪ್ಪನ್ನು ಎತ್ತಿಕೊಂಡು ಹೋಗಿ ಅವಳ ಯಂತ್ರದ ಪಕ್ಕದಲ್ಲಿ ಇಟ್ಟೆ.

“ನಿನಗ” ಎಂದೆ. “ಇನ್ನೂ ಬಿಸಿ ಅದ. ಈಗ ಕುಡಿ.”